ಅಪ್ಪನ ಉಳಿ, ನನ್ನ ಮಾರುತ್

ನಮ್ಮ ಮನೆಯ ಷೋಕೇಸಿನಲ್ಲಿ ದಸರೆಯ ಪಟ್ಟದ ಗೊಂಬೆಗಳ ಪಕ್ಕ ಈಗ ಒಂದು ಯುದ್ಧವಿಮಾನ ನಿಂತಿದೆ. ಮೂಗಿನಿಂದ ಬಾಲದವರೆಗೆ 31.7 ಸೆಂಟಿಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 18 ಸೆಂಟಿಮೀಟರ್. ಮೈಯೆಲ್ಲ ಬೆಳ್ಳಿ ಬಣ್ಣ. ಬಂದವರು 'ಎಲ್ಲಿ ತಗೊಂಡ್ರಿ?' ಎಂದು ಕೇಳುತ್ತಾರೆ. 'ತಗೊಂಡಿದ್ದಲ್ಲ, ಮಾಡಿದ್ದು' ಎಂದರೆ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕೈ ನೋಡುತ್ತಾರೆ. ಕೈ ನೋಡುವುದಕ್ಕೆ ಕಾರಣವಿದೆ. ಎಪ್ಪತ್ತು ದಾಟಿದ ಮೇಲೆ ನನ್ನ ಬಲಗೈ ಸ್ವಲ್ಪ ನಡುಗುತ್ತದೆ. ಕಾಫಿ ಲೋಟ ಬಟ್ಟಲಿನಲ್ಲಿಟ್ಟರೆ ಟಿಣಿಟಿಣಿ ಎನ್ನುತ್ತದೆ.

ನಾನು 38 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬಿ.ಕಾಂ. ಓದಿದ್ದು ಸಂಜೆ ಕಾಲೇಜಿನಲ್ಲಿ. ಲೆಡ್ಜರು, ವೋಚರು, ಗುಂಡುಸೂಜಿ, ಸಹಿ ತಾಳೆ ನೋಡುವುದು, ಇಷ್ಟೇ ನನ್ನ ಪ್ರಪಂಚ. ಉಳಿ ಹಿಡಿದದ್ದು ನಿವೃತ್ತಿಯಾದ ಮೇಲೆ. ಹಿಡಿಯಬೇಕಾಗಿದ್ದ ವಯಸ್ಸಿನಲ್ಲಿ ಹಿಡಿಯಲಿಲ್ಲ. ಅದಕ್ಕೂ ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ವಿಮಾನದ ವಿಷಯ. ಅದರ ಹೆಸರು ಎಚ್‌ಎಫ್-24 ಮಾರುತ್. ಮಾರುತ ಎಂದರೆ ಗಾಳಿ ಎಂದು ಕನ್ನಡದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಭಾರತದಲ್ಲೇ ರೂಪುಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ ಅದು. ತಯಾರಾದದ್ದು ನಮ್ಮ ಬೆಂಗಳೂರಿನಲ್ಲಿ, ಎಚ್‌ಎಎಲ್ ಕಾರ್ಖಾನೆಯಲ್ಲಿ. 1956ರಲ್ಲಿ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕ ಇಲ್ಲಿಗೆ ಬಂದರು. ಎರಡನೇ ಮಹಾಯುದ್ಧದ ಕಾಲದ ಫಾಕ್-ವುಲ್ಫ್ 190 ವಿಮಾನವನ್ನು ರೂಪಿಸಿದವರು ಅವರೇ. ಅವರ ಜೊತೆ ನಮ್ಮ ಎಂಜಿನಿಯರುಗಳು, ಕೆಲಸಗಾರರು ಸೇರಿ ಮಾಡಿದ ಮೊದಲ ಮಾದರಿ ವಿಮಾನ 1961ರ ಜೂನ್‌ನಲ್ಲಿ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಓಡಾಡುವವರಲ್ಲಿ ಎಷ್ಟು ಜನಕ್ಕೆ ಆ ಹೆಸರು ಯಾರದೆಂದು ಗೊತ್ತಿದೆಯೋ! 1970ರ ಜನವರಿಯಲ್ಲಿ ಮಾರುತ್‌ನದೇ ಇನ್ನೊಂದು ಮಾದರಿಯನ್ನು ಪರೀಕ್ಷಿಸುವಾಗ ಅದು ಬಿದ್ದು ಅವರು ತೀರಿಕೊಂಡರು. ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಚೆನ್ನಾಗಿಯೇ ಕೆಲಸ ಮಾಡಿದವು.

ನಮ್ಮ ಮನೆ ಆಗ ಕಾರ್ಖಾನೆಗೆ ಹತ್ತಿರ ಇತ್ತು. ಅಪ್ಪ ಅಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಸೈರನ್ ಕೂಗುವ ಮೊದಲೇ ಸೈಕಲ್ ಏರಿ ಹೊರಟುಬಿಡುತ್ತಿದ್ದರು. ಪಕ್ಕದ ಮನೆಯ ಹುಡುಗರ ಅಪ್ಪಂದಿರು ಸಂಜೆ ಎಣ್ಣೆ, ಗ್ರೀಸಿನ ವಾಸನೆ ಹೊತ್ತು ಬರುತ್ತಿದ್ದರು. ನಮ್ಮಪ್ಪನ ಮೈಯಿಂದ ಮಾತ್ರ ಮರದ ಹೊಟ್ಟಿನ ವಾಸನೆ. ಅವರು ಬಡಗಿ. ವಿಮಾನದ ಕಾರ್ಖಾನೆಯಲ್ಲಿ ಬಡಗಿ.

ಇದು ನನಗೆ ಆ ವಯಸ್ಸಿನಲ್ಲಿ ದೊಡ್ಡ ಸಂಕಟ. 'ವಿಮಾನ ಲೋಹದ್ದಲ್ವೇನೋ? ಬಡಗಿಗೇನು ಕೆಲಸ? ಸಾಹೇಬ್ರ ಕುರ್ಚಿ ರಿಪೇರಿನಾ?' ಎಂದು ಹುಡುಗರು ನಗುತ್ತಿದ್ದರು. ಅಪ್ಪನನ್ನು ಕೇಳಿದರೆ ಅವರು ಕಾರ್ಖಾನೆಯ ವಿಷಯ ಮನೆಯಲ್ಲಿ ಮಾತಾಡುವವರೇ ಅಲ್ಲ. ಒಂದೇ ಒಂದು ಸಲ, ನನಗೆ ಎಂಟು ವರ್ಷವಿದ್ದಾಗ, ಸೈಕಲ್ಲನ್ನು ಗೋಡೆಗೆ ಒರಗಿಸುತ್ತಲೇ 'ನಮ್ದು ಹಾರ್ತು ಕಣೋ' ಎಂದರು.

'ಇಂಜಿನ್ ಯಾವುದಪ್ಪಾ?'

'ಇಂಜಿನ್ ಇಲ್ಲ. ಮರದ್ದು ಅದು.'

ಇಂಜಿನ್ ಇಲ್ಲದ, ಮರದ ಯುದ್ಧವಿಮಾನ! ಚಿಕ್ಕ ಮಕ್ಕಳಿಗೆ ಹೇಳುವ ಕತೆಯನ್ನು ನನಗೆ ಹೇಳುತ್ತಿದ್ದಾರೆ ಎಂದುಕೊಂಡೆ. ನಕ್ಕೂಬಿಟ್ಟೆ. ಅವರು ಇನ್ನೇನೂ ಹೇಳಲಿಲ್ಲ, ಕೈಕಾಲು ತೊಳೆಯಲು ಹೋದರು. ಮತ್ತೊಂದು ದಿನ, ಎಷ್ಟು ಕಾಲದ ಮೇಲೋ ನೆನಪಿಲ್ಲ, ರಾತ್ರಿ ಊಟಕ್ಕೆ ಕೂತವರು ಅರ್ಧಕ್ಕೇ ಎದ್ದರು. ಅಮ್ಮ ಏನಾಯ್ತೆಂದು ಕೇಳಿದಾಗ 'ನಮ್ದು ಮೂಗು ಮುರ್ಕೊಳ್ತು' ಎಂದದ್ದು ನನ್ನ ಕಿವಿಗೆ ಬಿತ್ತು. ಅದೂ ಅರ್ಥವಾಗಲಿಲ್ಲ.

ಅಪ್ಪ 1988ರಲ್ಲಿ ತೀರಿಕೊಂಡರು. ಅರ್ಥವಾದದ್ದು ಅದಾಗಿ ಇಪ್ಪತ್ತೈದು ವರ್ಷಗಳ ಮೇಲೆ, ಮಾರುತ್ ಬಗ್ಗೆ ಬಂದಿದ್ದ ಒಂದು ಹಳೆಯ ಲೇಖನ ಓದುವಾಗ. ಲೋಹದ ವಿಮಾನ ಕಟ್ಟುವ ಮೊದಲು ಅದರ ಆಕಾರ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಬೇಕಿತ್ತು. ಅದಕ್ಕಾಗಿ ಅಷ್ಟೇ ಉದ್ದ, ಅಷ್ಟೇ ಅಗಲದ ಮರದ ಗ್ಲೈಡರ್ ಒಂದನ್ನು ಕಟ್ಟಿದರು. ಹೆಸರು ಎಕ್ಸ್-241. ಇಬ್ಬರು ಕೂರಬಹುದಾದದ್ದು. ಚಕ್ರ ಒಳಗೆಳೆದುಕೊಳ್ಳುವ ವ್ಯವಸ್ಥೆ, ರೆಕ್ಕೆಯ ಫ್ಲಾಪುಗಳು ಎಲ್ಲ ಇದ್ದವು, ಇಂಜಿನ್ ಒಂದು ಇರಲಿಲ್ಲ. 1959ರಲ್ಲಿ ಡಕೋಟಾ ವಿಮಾನ ಅದನ್ನು ಹಗ್ಗದಲ್ಲಿ ಎಳೆದುಕೊಂಡು ಮೇಲೆ ಹೋಗಿ ಬಿಟ್ಟಿತು. ಹೀಗೆ 78 ಸಲ ಹಾರಿತು. ಕಡೆಗೆ ಒಮ್ಮೆ ಇಳಿಯುವಾಗ ಮೂಗಿನ ಚಕ್ರದ ಕಾಲು ಹೊರಗೆ ಬರದೆ ಜಖಂ ಆಯಿತು.

ಓದುತ್ತ ಓದುತ್ತ ಕನ್ನಡಕ ತೆಗೆದು ಒರೆಸಿಕೊಂಡೆ. ಅಪ್ಪ ಕತೆ ಹೇಳಿರಲಿಲ್ಲ, ವರದಿ ಒಪ್ಪಿಸಿದ್ದರು.

ಆದರೂ ಕೆಲಸಕ್ಕೆ ಕೈ ಹಾಕಲು ಇನ್ನೂ ಹತ್ತು ವರ್ಷ ಬೇಕಾಯಿತು. ಸೋಮಾರಿತನವೂ ಇತ್ತು, ಭಯವೂ ಇತ್ತು. ಶುರು ಮಾಡಿಸಿದವಳು ಮೊಮ್ಮಗಳು. ಏಳನೇ ತರಗತಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಒಂದು ಮಾರುತ್ ನಿಲ್ಲಿಸಿದ್ದಾರೆ. ಅವಳು ಅದರ ಸುತ್ತ ಎರಡು ಸುತ್ತು ಬಂದು, 'ತಾತ, ನಿಮ್ಮಪ್ಪ ಇದನ್ನ ಮಾಡಿದ್ರು ಅಂದ್ರಲ್ಲ, ನಾವೂ ಮಾಡೋಣ್ವಾ?' ಎಂದಳು. ಮಕ್ಕಳಿಗೆ ಎಲ್ಲವೂ ಭಾನುವಾರದ ಕೆಲಸ. ನಮಗೆ ಏಳು ತಿಂಗಳು ಹಿಡಿಯಿತು.

ಮಾಡಲು ಹೊರಟದ್ದು 1961ರಲ್ಲಿ ಹಾರಿದ ಮೊದಲ ಮಾದರಿ ವಿಮಾನವನ್ನು. ಅಳತೆ ಐವತ್ತಕ್ಕೆ ಒಂದು. ಅಂದರೆ ನಿಜವಾದ ವಿಮಾನದ ಒಂದು ಮೀಟರ್ ನಮ್ಮಲ್ಲಿ 2 ಸೆಂಟಿಮೀಟರ್. ಮಾರುತ್ ಉದ್ದ 15.87 ಮೀಟರ್, ರೆಕ್ಕೆ 9 ಮೀಟರ್, ಎತ್ತರ 3.6 ಮೀಟರ್. ಎರಡರಿಂದ ಗುಣಿಸಿದರೆ ಮುಗಿಯಿತು. ಗ್ರಾಫ್ ಹಾಳೆಯಲ್ಲಿ ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಕಾಣುವ ಮೂರು ಚಿತ್ರ ಬರೆದೆವು. ಲೆಕ್ಕ ಅವಳದು, ತಾಳೆ ನೋಡುವುದು ನನ್ನದು. ಒಂದು ಕಡೆ 'ತಾತ, ಇಲ್ಲಿ ನೀವೇ ತಪ್ಪು ಮಾಡಿದೀರಿ' ಎಂದು ತಿದ್ದಿದಳು. ಮೂವತ್ತೆಂಟು ವರ್ಷದ ಅನುಭವಕ್ಕೆ ಒಂದು ಕೆಂಪು ಗೆರೆ!

ಮರ ಯಾವುದು? ಬಾಲ್ಸಾ ಹಗುರ, ಆದರೆ ಉಗುರು ತಾಗಿದರೆ ಗುಳಿ ಬೀಳುತ್ತದೆ. ಚನ್ನಪಟ್ಟಣದ ಬೊಂಬೆ ಮಾಡುವ ಆಲೆ ಮರ ನೆನಪಾಯಿತು. ಬಿಳಿ ಬಣ್ಣ, ನಯವಾದ ಎಳೆ, ಎತ್ತ ಕೆತ್ತಿದರೂ ಮಾತು ಕೇಳುತ್ತದೆ. ಬಸ್ಸು ಹತ್ತಿ ಹೋಗಿ ಒಣಗಿದ ತುಂಡು ಎರಡು ತಂದೆ. ಒಂದು ಹಾಳಾದರೆ ಇನ್ನೊಂದಿರಲಿ ಎಂದು.

ಉಳಿಗಳಿಗಾಗಿ ಅಟ್ಟದಿಂದ ಅಪ್ಪನ ಸಾಮಾನಿನ ಪೆಟ್ಟಿಗೆ ಇಳಿಸಿದೆವು. ಅವರು ಹೋದ ಮೇಲೆ ನಾನು ಅದನ್ನು ಸರಿಯಾಗಿ ತೆರೆದವನೇ ಅಲ್ಲ. ಉಳಿಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ತುಕ್ಕು ಕಡಿಮೆ. ಮೊಮ್ಮಗಳು ಒಂದೊಂದಾಗಿ ತೆಗೆದು ಹೊರಗಿಡುತ್ತಿದ್ದಳು. ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಕಾಗದದ ಕೆಳಗಿನಿಂದ ಒಂದು ಮಡಿಸಿದ ರಟ್ಟು ಸಿಕ್ಕಿತು. ನನ್ನ ಆರನೇ ತರಗತಿಯ ಪ್ರೋಗ್ರೆಸ್ ಕಾರ್ಡು.

ಅಂಕಗಳನ್ನು ನೋಡಿ ನಕ್ಕಳು. ಆಮೇಲೆ ಹುಬ್ಬು ಗಂಟಿಕ್ಕಿ, 'ತಾತ, ಮುತ್ತಾತ ಮೆಕ್ಯಾನಿಕ್ ಆಗಿದ್ರಾ? ಬಡಗಿ ಅಂದಿದ್ರಿ?' ಎಂದಳು.

ತಂದೆಯ ಉದ್ಯೋಗ ಎಂಬಲ್ಲಿ 'ಮೆಕ್ಯಾನಿಕ್' ಎಂದಿತ್ತು. ವರ್ಷದ ಆರಂಭದಲ್ಲಿ ಮೇಷ್ಟ್ರು ತರಗತಿಯಲ್ಲಿ ಎಲ್ಲರನ್ನೂ ನಿಲ್ಲಿಸಿ ಕೇಳಿ ಬರೆದುಕೊಂಡಿದ್ದರು. ಹಿಂದಿನ ಬೆಂಚಿನಲ್ಲಿ ನಗುವ ಹುಡುಗರಿದ್ದರು. ನನ್ನ ಸರದಿ ಬಂದಾಗ ಬಾಯಿಂದ ಬಂದ ಮಾತು ಅದು. ಕಾರ್ಡು ಮನೆಗೆ ಬಂದಾಗ ಅಪ್ಪ ಅದನ್ನು ದೀಪದ ಹತ್ತಿರ ಹಿಡಿದು ಓದಿದರು. ಅವರಿಗೆ ಓದು ನಿಧಾನ. ಮೊದಲಿನಿಂದ ಕೊನೆಯವರೆಗೆ ಓದಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಪೆನ್ನು ತರಲು ಹೇಳಿ ಸಹಿ ಮಾಡಿದರು. ಗಣಿತದಲ್ಲಿ ಇನ್ನೂ ಸ್ವಲ್ಪ ಚೆನ್ನಾಗಿ ತೆಗೀಬಹುದಿತ್ತು ಎಂದರು. ಅಷ್ಟೇ.

ಬ್ಯಾಂಕಿನಲ್ಲಿ ಸಾವಿರಾರು ಸಹಿ ನೋಡಿದ್ದೇನೆ. ಅವಸರದ ಸಹಿ, ಕಣ್ಣೀರಿನ ಸಹಿ, ಒತ್ತಾಯದ ಸಹಿ, ಎಲ್ಲದಕ್ಕೂ ಒಂದೊಂದು ಲಕ್ಷಣ ಇರುತ್ತದೆ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದೆ. ಅಪ್ಪನ ಆ ಸಹಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಯಾವಾಗಿನಂತೆಯೇ ಇತ್ತು. ದುಂಡಗೆ, ನಿಧಾನವಾಗಿ, ಒಂದಕ್ಷರವೂ ಅಲುಗಿರಲಿಲ್ಲ. ಆ ಕಾರ್ಡನ್ನು ಪೆಟ್ಟಿಗೆಯೊಳಗೆ ಇಟ್ಟವನು ನಾನಲ್ಲ.

ಮೊಮ್ಮಗಳು ಉತ್ತರಕ್ಕೆ ಕಾಯುತ್ತಿದ್ದಳು. ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. 'ಸುಳ್ಳು ಹೇಳಿದ್ದೆ ಪುಟ್ಟೀ' ಎಂದೆ. ಯಾಕೆ ಎಂದಳು. ಹೇಳಿದೆ. ಅವಳು ಸ್ವಲ್ಪ ಹೊತ್ತು ಕಾರ್ಡನ್ನೇ ನೋಡಿ, ಮಡಿಸಿ, ಇದ್ದ ಜಾಗದಲ್ಲೇ ಇಟ್ಟಳು. 'ಯಾವ ಉಳಿ ಮೊದಲು?' ಎಂದು ಕೇಳಿದಳು.

ಕೆತ್ತನೆಯ ಕೆಲಸದಲ್ಲಿ ಅತಿ ಕಷ್ಟದ್ದು ಸೊಂಟ. ಮಾರುತ್‌ನ ಒಡಲು ನೇರ ಕೊಳವೆಯಲ್ಲ, ರೆಕ್ಕೆ ಸೇರುವಲ್ಲಿ ಒಳಕ್ಕೆ ಸಣ್ಣಗಾಗುತ್ತದೆ. ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಯ ತಡೆ ಜೋರಾಗುತ್ತದೆ. ರೆಕ್ಕೆಯ ದಪ್ಪ ಬಂದು ಸೇರುವಲ್ಲಿ ಒಡಲನ್ನು ಅಷ್ಟು ತೆಳ್ಳಗೆ ಮಾಡಿದರೆ ಆ ತಡೆ ಕಡಿಮೆಯಾಗುತ್ತದೆ. ನೋಡಲು ಚೆಂದ, ಕೆತ್ತುವವನಿಗೆ ಪರೀಕ್ಷೆ. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಕೆತ್ತುವುದು, ಅಚ್ಚು ಹಿಡಿದು ನೋಡುವುದು, ಮತ್ತೆ ಕೆತ್ತುವುದು. ಒಂದು ಮಧ್ಯಾಹ್ನ ಕೈ ನಡುಗಿ ಎಡಗಡೆ ಹೆಚ್ಚು ಹೋಗಿಬಿಟ್ಟಿತು. ಮರದಲ್ಲಿ ಬರೆದದ್ದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಣ್ಣ ಸಹಿ ಹಾಕುವಂತಿಲ್ಲ. ಮರದ ಹೊಟ್ಟಿಗೆ ಫೆವಿಕಾಲ್ ಕಲಸಿ ತುಂಬಿ, ಎರಡು ದಿನ ಒಣಗಿಸಿ ತಿದ್ದಿದೆ. ಆಮೇಲೆ ಒಂದು ಉಪಾಯ ಕಂಡುಕೊಂಡೆ. ಎರಡೂ ಮೊಣಕೈಯನ್ನು ಮೇಜಿಗೂರಿ, ಅಕ್ಕಿ ತುಂಬಿದ ಸಣ್ಣ ಚೀಲದ ಮೇಲೆ ಮಣಿಕಟ್ಟು ಇಟ್ಟರೆ ನಡುಕ ಅರ್ಧ ಇಳಿಯುತ್ತದೆ. ನನ್ನ ಹಾಗೆ ಕೈ ನಡುಗುವವರು ಮಾಡಿ ನೋಡಬಹುದು.

ಹಿಂದಕ್ಕೆ ಬಾಗಿದ ರೆಕ್ಕೆಗಳನ್ನು ಬೇರೆಯಾಗಿ ಮಾಡಿ ಒಡಲಿಗೆ ಸೇರಿಸಬೇಕು. ಬರೀ ಗೋಂದು ನಿಲ್ಲುವುದಿಲ್ಲ. ಒಳಗೆ ಗುಂಡುಸೂಜಿಗಳನ್ನು ತಲೆ ಕತ್ತರಿಸಿ ಗೂಟದಂತೆ ಇಟ್ಟೆ. ಬ್ಯಾಂಕಿನಿಂದ ನಾನು ಕಲಿತು ತಂದ ವಿದ್ಯೆಯೆಂದರೆ ಇದೊಂದೇ ಎಂದು ನನ್ನಾಕೆ ಹಾಸ್ಯ ಮಾಡಿದಳು. ಚಕ್ರದ ಕಾಲುಗಳಿಗೆ ಸೈಕಲ್ಲಿನ ಕಡ್ಡಿ. ಪೈಲಟ್ ಕೂರುವಲ್ಲಿನ ಗಾಜಿನ ಮುಚ್ಚಳಕ್ಕೆ ನೀರಿನ ಬಾಟಲಿ: ಮುಚ್ಚಳದ ಆಕಾರದಲ್ಲಿ ಒಂದು ಮರದ ತುಂಡು ಕೆತ್ತಿ ಬಾಟಲಿಯೊಳಗೆ ತೂರಿಸಿ ಬಿಸಿಗಾಳಿ ಬಿಟ್ಟರೆ ಪ್ಲಾಸ್ಟಿಕ್ ಸೆಟೆದು ಮರಕ್ಕೆ ಅಂಟಿಕೊಳ್ಳುತ್ತದೆ. ಮೂರು ಬಾಟಲಿ ಹಾಳಾದ ಮೇಲೆ ನಾಲ್ಕನೆಯದು ಸರಿಬಂತು. ಮಕ್ಕಳೇ, ಇದನ್ನು ಮಾಡುವಾಗ, ಉಳಿ ಹಿಡಿಯುವಾಗ, ಮನೆಯ ದೊಡ್ಡವರು ಪಕ್ಕದಲ್ಲಿರಬೇಕು. ನನ್ನ ಎಡ ಹೆಬ್ಬೆರಳಿನ ಮೇಲೆ ಇನ್ನೂ ಗುರುತಿದೆ.

ಇನ್ನು ಬಣ್ಣ. ಬೆಳ್ಳಿ ಬಣ್ಣದ ಹಾಗೆ ಗುಟ್ಟು ರಟ್ಟು ಮಾಡುವ ಬಣ್ಣ ಇನ್ನೊಂದಿಲ್ಲ. ಹಸಿರು, ಕಂದು ಬಣ್ಣಗಳು ಸಣ್ಣಪುಟ್ಟ ಗೀರುಗಳನ್ನು ಮುಚ್ಚಿಕೊಂಡು ಹೋಗುತ್ತವೆ. ಬೆಳ್ಳಿ ಒಂದು ಕೂದಲೆಳೆಯ ಗೀರನ್ನೂ ಹೊಳೆಯಿಸಿ ತೋರಿಸುತ್ತದೆ. ಅದಕ್ಕೇ ಮರಕ್ಕೆ ಸೀಲರ್ ಹಚ್ಚಿ, ಸ್ಯಾಂಡ್‌ಪೇಪರ್ ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ನೀರು ಹಾಕಿ ಉಜ್ಜಿ, ಹೀಗೆ ಐದು ಸಲ. ಕಣ್ಣಿಗಿಂತ ಬೆರಳ ತುದಿ ಚೆನ್ನಾಗಿ ಹೇಳುತ್ತದೆ. ಮೊಮ್ಮಗಳು ಕಣ್ಣು ಮುಚ್ಚಿ ಸವರಿ 'ಇಲ್ಲಿ' ಎನ್ನುತ್ತಿದ್ದಳು, ಅಲ್ಲಿ ನಿಜವಾಗಿಯೂ ಉಬ್ಬಿರುತ್ತಿತ್ತು. ಪ್ರೈಮರ್ ಆದ ಮೇಲೆ ಹೊಳೆಯುವ ಕಪ್ಪು. ಬೆಳ್ಳಿಗೆ ಲೋಹದ ಕಳೆ ಬರಬೇಕಾದರೆ ಅಡಿಯಲ್ಲಿ ಕಪ್ಪು ಇರಬೇಕು ಎಂಬುದು ಈ ಕಸುಬಿನವರ ರೂಢಿ.

ಇಲ್ಲಿ ಎಡವಿದೆ. ಕಪ್ಪು ಎನಾಮಲ್ ಮುಟ್ಟಿದರೆ ಅಂಟುತ್ತಿರಲಿಲ್ಲ, ಒಣಗಿದೆ ಎಂದುಕೊಂಡೆ. ಆಷಾಢದ ಜಿಟಿಜಿಟಿ ಮಳೆ ಬಿಟ್ಟ ಒಂದು ಬೆಳಿಗ್ಗೆ ಮಹಡಿಯ ಮೇಲೆ ಡಬ್ಬಿಯ ಬೆಳ್ಳಿ ಲ್ಯಾಕರ್ ಸ್ಪ್ರೇ ಮಾಡಿದೆ. ಎರಡು ನಿಮಿಷ ಕನ್ನಡಿಯಂತೆ ಹೊಳೆಯಿತು. ಆಮೇಲೆ ಕಾದ ಹಾಲಿನ ಮೇಲಿನ ಕೆನೆಯಂತೆ ಇಡೀ ಮೈ ಸುಕ್ಕುಗಟ್ಟಿತು. ಎನಾಮಲ್ ಒಳಗೆ ಇನ್ನೂ ಹಸಿಯಿತ್ತು, ಲ್ಯಾಕರ್‌ನ ಥಿನ್ನರ್ ಅದನ್ನು ಕೆರಳಿಸಿತ್ತು. ಗಾಳಿಗೆ ಹಾರಿದ ಬೆಳ್ಳಿ ಪುಡಿ ಒಣಗಲು ಹಾಕಿದ್ದ ನನ್ನಾಕೆಯ ಸೀರೆಯ ಮೇಲೂ ಕೂತಿತ್ತು. ಆ ದಿನ ಮನೆಯಲ್ಲಿ ವಿಮಾನದ ಮಾತು ಯಾರೂ ಎತ್ತಲಿಲ್ಲ.

ಐದು ತಿಂಗಳ ಕೆಲಸ. ಇನ್ನು ಸಾಕು, ಎತ್ತಿಟ್ಟುಬಿಡೋಣ ಎಂದುಕೊಂಡೆ. ಶನಿವಾರ ಮೊಮ್ಮಗಳು ಬಂದು ನೋಡಿ ಏನೂ ಅನ್ನದೆ ಥಿನ್ನರ್ ಬಟ್ಟೆ ಕೈಗೆ ಕೊಟ್ಟಳು. ಇಬ್ಬರೂ ಕೂತು ಬಣ್ಣ ಒರೆಸಿದೆವು. ಕಪ್ಪು ಹೋಯಿತು, ಬೂದು ಹೋಯಿತು, ಕಡೆಗೆ ಆಲೆ ಮರದ ಬಿಳುಪು ಕಂಡಿತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, 'ತಾತ, ಮುತ್ತಾತ ಮಾಡಿದ್ದು ಹೀಗೇ ಇತ್ತಲ್ವಾ? ಇಂಜಿನ್ ಇಲ್ಲ, ಮರದ್ದು' ಎಂದಳು. ಆ ಮಾತನ್ನು ನಾನು ಅವಳಿಗೆ ಹೇಳಿದ್ದು ಒಂದೇ ಸಲ. ಅವಳು ನಕ್ಕಿರಲಿಲ್ಲ.

ಮತ್ತೆ ಮೊದಲಿನಿಂದ ಹೊರಟೆವು. ಈ ಸಲ ಕಪ್ಪು ಬಣ್ಣಕ್ಕೆ ಮೂರು ವಾರ ಬಿಟ್ಟೆ. ಮೂಗಿನ ಹತ್ತಿರ ಹಿಡಿದರೆ ಬಣ್ಣದ ವಾಸನೆಯೇ ಬರಬಾರದು, ಆಗ ಒಣಗಿದೆ ಎಂದರ್ಥ. ಬೆಳ್ಳಿಯನ್ನು ಒಂದೇ ಏಟಿಗೆ ಹೊಡೆಯದೆ ಮಂಜು ಬಿದ್ದ ಹಾಗೆ ತೆಳ್ಳಗೆ ನಾಲ್ಕು ಪದರ. ಐವತ್ತರಲ್ಲಿ ಒಂದು ಅಳತೆಯಲ್ಲಿ ನಮ್ಮ ಒಂದು ಮಿಲಿಮೀಟರ್ ಎಂದರೆ ನಿಜವಾದ ವಿಮಾನದ 5 ಸೆಂಟಿಮೀಟರ್. ದಪ್ಪಗೆ ಬಣ್ಣ ಬಳಿದರೆ ವಿಮಾನಕ್ಕೆ ಗಾರೆ ಮೆತ್ತಿದ ಹಾಗೆ ಕಾಣುತ್ತದೆ. ಹೊಳಪೂ ಅಷ್ಟೇ, ಚಿಕ್ಕದಕ್ಕೆ ದೊಡ್ಡದರಷ್ಟು ಹೊಳಪು ಕೊಟ್ಟರೆ ಜರಿ ಕಾಗದದಂತಾಗುತ್ತದೆ, ಸ್ವಲ್ಪ ಮಂಕಾಗಿಸಬೇಕು. ಲೋಹದ ತಗಡುಗಳು ಒಂದೊಂದೂ ಒಂದೊಂದು ರೀತಿ ಬೆಳಕು ಹಿಡಿಯುತ್ತವೆ. ಅದಕ್ಕಾಗಿ ಟೇಪು ಅಂಟಿಸಿ ಅಲ್ಲಲ್ಲಿ ಚೌಕಗಳಿಗೆ ಹದ ಬದಲಿಸಿದ ಬೆಳ್ಳಿ ಕೊಟ್ಟೆವು.

ವಾಯುಪಡೆಯ ವೃತ್ತಚಿಹ್ನೆಗಳನ್ನು ಮಾತ್ರ ನಾನು ಮುಟ್ಟಲಿಲ್ಲ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ವೃತ್ತ ಸೊಟ್ಟಗಾದರೆ ಇಡೀ ವಿಮಾನ ಸೊಟ್ಟಗೆ ಕಾಣುತ್ತದೆ. ನನ್ನ ಕೈ ಒಪ್ಪಲಿಲ್ಲ. ಮೊಮ್ಮಗಳು ಉಸಿರು ಬಿಗಿಹಿಡಿದು, ನಾಲಗೆಯ ತುದಿ ಕಚ್ಚಿಕೊಂಡು ಎಲ್ಲವನ್ನೂ ಬರೆದಳು. ಬಲ ರೆಕ್ಕೆಯ ಮೇಲಿನದು ಕೂದಲೆಳೆಯಷ್ಟು ಹಿಂದೆ ಸರಿದಿದೆ. ಅದು ನಮ್ಮಿಬ್ಬರಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಾಗಿಲ್ಲ, ಈಗ ನಿಮಗೂ ಗೊತ್ತಾಯಿತು.

ವಿಮಾನವನ್ನು ಷೋಕೇಸಿಗೆ ಇಟ್ಟ ದಿನ ಕೆಳಗಿನ ಪೀಠಕ್ಕೆ ಹೆಸರಿನ ಚೀಟಿ ಬರೆಯಬೇಕಾಯಿತು. 'ಎಚ್‌ಎಫ್-24 ಮಾರುತ್, ಮೊದಲ ಮಾದರಿ, 1961' ಎಂದು ಬರೆದೆ. ಅದರ ಕೆಳಗೆ ಅವಳು ತನ್ನ ಅಕ್ಷರದಲ್ಲಿ ಒಂದು ಸಾಲು ಸೇರಿಸಿದಳು: 'ಉಳಿ: ಮುತ್ತಾತನದು, ಬಡಗಿ, ಎಚ್‌ಎಎಲ್.'

ಚನ್ನಪಟ್ಟಣದಿಂದ ತಂದ ಎರಡನೇ ಮರದ ತುಂಡು ಹಾಗೇ ಉಳಿದಿತ್ತು. ಈಗ ಅದರ ಮೇಲೆ ಎಕ್ಸ್-241ರ ಗೆರೆಗಳು ಬಿದ್ದಿವೆ. ಇಬ್ಬರು ಕೂರುವ ಜಾಗ ಮಾಡಬೇಕು, ಡಕೋಟಾದ ಹಗ್ಗ ಸಿಕ್ಕಿಸಲು ಒಂದು ಕೊಕ್ಕೆ ಬೇಕು. ಅದಕ್ಕೂ ಗುಂಡುಸೂಜಿಯೇ ಆದೀತು. ಇದಕ್ಕೆ ಬಣ್ಣ ಬೇಡ, ಬರೀ ವಾರ್ನಿಷ್ ಸಾಕು ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಈಗ ಅವಳು ಹಿತ್ತಿಲಲ್ಲಿ ಸಾಣೆಕಲ್ಲಿಗೆ ನೀರು ಹಾಕಿಕೊಂಡು ಅಪ್ಪನ ಅರ್ಧ ಇಂಚಿನ ಉಳಿ ಮಸೆಯುತ್ತಿದ್ದಾಳೆ. ಸದ್ದು ಕೇಳಿದರೆ ಕೋನ ಸ್ವಲ್ಪ ಹೆಚ್ಚಾದಂತಿದೆ. ಹೋಗಿ ನೋಡಬೇಕು.